ಹುಣಸೆಬೀಜದ ಅಂಟು

“ಬಾಯಿಲೆ ಪಣಾ ಹೇಳಬ್ಯಾಡ, ಬಾಳಾ. ಇಡೂದಿದ್ರ ಈ ಬೀಜಾ ಇಡು.”

ರಾಧಾಬಾಯಿ ಚಿಕ್ಕದೊಂದು ಅರಿವೆಯ ಚೀಲವನ್ನು ಓಂಕಾರನ ಮುಂದಕ್ಕೆ ಸರಿಸಿದಳು. ಒಳಗೆ ಹುಣಸೆಬೀಜಗಳು ಒಂದಕ್ಕೊಂದು ತಾಗಿ, ಯಾರೋ ಹಲ್ಲು ಕಡಿದಂತೆ ಸದ್ದು ಮಾಡಿದವು.

“ಆಟ ಮುಗಿದ ಮ್ಯಾಲ, ಗೆದ್ದಾಂವ ಏಳೂದರೊಳಗ ಸೋತಾಂವನ ಬೀಜಾ ಸೋತಾಂವಗ ತಿರುಗಿ ಕೊಡಬೇಕು. ಒಂದೂ ಮನಿಗಿ ಒಯ್ಯಬಾರದು. ಇಷ್ಟ ಮಾಡಿದ್ರ ಈ ಇಸ್ಪೀಟ ಎಲಿ ಯಾರಿಗೂ ಏನೂ ಮಾಡಂಗಿಲ್ಲ.”

“ಇಲ್ಲಂದ್ರ? ಎದ್ದ ಬಂದ ಕಚ್ಚತಾವೇನ?” ಎಂದ ಓಂಕಾರ.

ಮುದುಕಿ ನಗಲಿಲ್ಲ.

ಖಾನಾಪುರದ ಹಂಚಿನ ಭಟ್ಟಿಗಳ ಹಿಂದಿನ ಓಣಿಯಲ್ಲಿ ಅವಳ ಮನೆ. ಹೊರಗೆ ಏಪ್ರಿಲ್ ಬಿಸಿಲು ನೆತ್ತಿ ಒಡೆಯುವಂತಿದ್ದರೂ ಆ ಒಳಕೋಣೆಗೆ ಕಿಟಕಿಯೇ ಇರಲಿಲ್ಲ. ಒಲೆಯ ಮೇಲೆ ಹುಣಸೆಬೀಜದ ಅಂಟು ಗುಳುಗುಳು ಕುದಿಯುತ್ತಿತ್ತು. ಪಕ್ಕದ ಕಬ್ಬಿಣದ ಬಾಣಲೆಯಲ್ಲಿ ಅರಗು ಕರಗಿ ಹೊಗೆಯಾಡುತ್ತಿತ್ತು. ಎರಡರ ವಾಸನೆಯೂ ಸೇರಿ, ಸುಟ್ಟ ಕೂದಲಿನಂಥ ನಾತವೊಂದು ಗಂಟಲಿಗೆ ಅಂಟಿಕೊಳ್ಳುತ್ತಿತ್ತು. ಅವಳ ಗಂಡ ಕೃಷ್ಣಾಜಿಯ ಮನೆತನದವರು ಹಿಂದೆ ದುಂಡನೆಯ ಗಂಜೀಫಾ ಆಟದ ಎಲೆ ಮಾಡುತ್ತಿದ್ದವರಂತೆ. ಈಗ ಆ ಕೆಲಸ ಬಲ್ಲವಳು ಇವಳೊಬ್ಬಳೇ.

ಓಂಕಾರ ಹೇಳಿ ಮಾಡಿಸಿದ್ದು ಇಸ್ಪೀಟಿನ ಐವತ್ತೆರಡು ಎಲೆ. ಅರಿವೆಯ ಮೇಲೆ ಅರಿವೆ ಅಂಟಿಸಿ, ಮೇಲೆ ಅರಗು ಬಳಿದು, ಬೆನ್ನಿಗೆ ಎಂಟು ಎಸಳಿನ ಕೆಂಪು ಹೂವು ಬರೆದದ್ದು. ನೋಡುವವನಿಗೆ ಎಲ್ಲ ಹೂವೂ ಒಂದೇ. ಓಂಕಾರನಿಗೆ ಮಾತ್ರ ಯಾವ ಎಸಳು ಗಿಡ್ಡವಾಗಿದೆ ಎಂಬುದರಿಂದಲೇ ಎಕ್ಕ, ರಾಜ, ರಾಣಿ ಎಲ್ಲ ತಿಳಿಯುತ್ತಿತ್ತು. ಅಂಚನ್ನೂ ಕೂದಲೆಳೆಯಷ್ಟು ಸವೆಸಿದ್ದರಿಂದ ಕಣ್ಣು ಮುಚ್ಚಿದರೂ ಬೆರಳು ಓದುತ್ತಿತ್ತು. ಕಿಸೆಯಲ್ಲಿಡುವ ಮೋಸ. ಅದನ್ನು ಅವನು ಮೋಸ ಎನ್ನುತ್ತಿರಲಿಲ್ಲ, ಕಲೆ ಎನ್ನುತ್ತಿದ್ದ.

“ನಮ್ಮ ಮನಿಯವರೂ ಒಮ್ಮೆ ಹಿಂಗ ಗುರುತಿನ ಎಲಿ ಮಾಡಿ ಒಬ್ಬಾಂವಗ ಕೊಟ್ಟಿದ್ರು,” ಎಂದಳು ರಾಧಾಬಾಯಿ, ಒಲೆಯ ಕಡೆ ನೋಡದೆ. “ಆ ಎಲಿ ಮ್ಯಾಲ ಹಲಸಿ ಊರ ಕಡ್ಯಾಂವ ಒಬ್ಬ ಹೆಂಡ್ತೀನ ಪಣಕ್ಕಿಟ್ಟ ಸೋತ. ಆಕಿ ಇಲ್ಲಿಗಿ ಬಂದ್ಲು. ಬೈಲಿಲ್ಲ. ಅಳಲಿಲ್ಲ. ತನ್ನ ತಲಿಗೂದಲಾ ಸುಟ್ಟ ಬೂದಿ ತಂದು ಅಂಟಿನ ಗಡಿಗ್ಯಾಗ ಹಾಕಿದ್ಲು. ‘ಈ ಎಲಿ ಮುಂದ ಬಾಯಿಂದ ಬಿದ್ದದ್ದು ಎಲ್ಲಾ ಎಲಿಗೇ ಅಂಟಲಿ’ ಅಂದ್ಲು, ಹೋದ್ಲು. ಗಡಿಗಿ ತೊಳದ್ವಿ. ಒಡದ್ವಿ. ಹೊಸಾದ ತಂದ್ವಿ. ಆ ನಾತಾ ಮಾತ್ರ ಹೋಗಲಿಲ್ಲ.”

“ಹಂಗಾರ ನೀವ್ಯಾಕ ಇನ್ನೂ ಮಾಡ್ತೀರಿ?”

“ಹೊಟ್ಟಿ ಐತಲ್ಲ, ಬಾಳಾ. ಹೇಳಿ ಕೊಡ್ತೀನಿ. ಹೇಳದ ಕೊಟ್ರ ಪಾಪ ನಂದು. ಹೇಳಿದ ಮ್ಯಾಲ ನಿಂದು.”

ಓಂಕಾರ ಎಲೆ ಕಟ್ಟನ್ನು ಕಿಸೆಗಿಟ್ಟು ಎದ್ದ. ಮಲಪ್ರಭೆಯ ಸೇತುವೆಯ ಮೇಲೆ ಗಾಡಿ ನಿಲ್ಲಿಸಿ, ಬೀಜದ ಚೀಲವನ್ನು ನೀರಿಗೆ ಎಸೆದ. ನೂರಾರು ಮಂದಿಯ ಮುಂದೆ ಸೂಟು ಹಾಕಿಕೊಂಡು ನಿಂತು ಹುಣಸೆಬೀಜ ಆಡಿಸಲು ಅವನೇನು ಕಟ್ಟೆಯ ಮೇಲಿನ ಮುದುಕನೇ?

*

ಓಂಕಾರನಿಗೆ ಇಪ್ಪತ್ತೈದು. ಒಂಬತ್ತನೆಯ ಇಯತ್ತೆಗೆ ಸಾಲಿ ಬಿಟ್ಟವನು. ಬಿಟ್ಟವನಲ್ಲ, ಅವ್ವ ಬಿಡಿಸಿದಳು. ಯಾರು ಕೇಳಲಿ, ಬಿಡಲಿ, ಈ ತಿದ್ದುಪಡಿಯನ್ನು ಅವನು ಮಾಡಿಯೇ ತೀರುತ್ತಿದ್ದ. “ಸಾಲಿ ಸಾಕು, ನಾಳಿಂದ ಫೌಂಡ್ರಿಗಿ ಹೋಗು,” ಎಂದಿದ್ದಳು ಕಾಶವ್ವ ಒಂದು ಸಂಜೆ, ರೊಟ್ಟಿ ಬಡಿಯುತ್ತಲೇ, ಮುಖ ಎತ್ತದೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ಕಾದ ಕಬ್ಬಿಣದ ಮುಂದೆ ಆರು ವರ್ಷ. ಊಟದ ಬಿಡುವಿನಲ್ಲಿ ಕೈಗೆ ಎಲೆ ಬಂದವು. ಆ ಕೈ ಎಂಥದೆಂದು ಅವತ್ತೇ ಎಲ್ಲರಿಗೂ ಗೊತ್ತಾಯಿತು. ಕಟ್ಟಿನ ಅಡಿಯಿಂದ ಎಲೆ ಎಳೆದರೂ ಮೇಲಿಂದ ಹಂಚಿದಂತೆ ಕಾಣುತ್ತಿತ್ತು. ಕೆಲಸ ಬಿಟ್ಟ. ಮದುವೆ, ನಾಮಕರಣ, ಕಂಪನಿಗಳ ಕೂಟಗಳಲ್ಲಿ ‘ಜುಗಾರಿ ರಾಜಾ’ ಎಂಬ ಹೆಸರಿನಲ್ಲಿ ಮೂರೆಲೆಯ ತೀನ್‌ಪತ್ತಿಯ ಜಾದೂ ತೋರಿಸತೊಡಗಿದ. ಸಿಟ್ಟು ಮಾತ್ರ ಫೌಂಡ್ರಿಯಲ್ಲಿ ಉಳಿಯಲಿಲ್ಲ, ಜೊತೆಗೇ ಬಂತು. ಓದಿದವರನ್ನು ವೇದಿಕೆಗೆ ಕರೆದು, ನಾಲ್ಕು ಜನರ ಮುಂದೆ ಸೋಲಿಸುವುದರಲ್ಲಿ ಅವನಿಗೊಂದು ಉರಿಯುವ ಸುಖವಿತ್ತು.

ಖಾನಾಪುರದಿಂದ ಎಲೆ ತಂದ ಮೂರನೆಯ ದಿನ, ಬೆಳಗಾವಿಯ ಹೊರಗಿನ ಕಲ್ಯಾಣಮಂಟಪವೊಂದರಲ್ಲಿ ಮದುವೆ. ಅಕ್ಷತೆ ಬಿದ್ದು, ಹೋಳಿಗೆ ಊಟದ ಎರಡನೆಯ ಪಂಕ್ತಿ ನಡೆದಿತ್ತು. ವೇದಿಕೆಯ ಮೇಲೆ ಹಸಿರು ಬಟ್ಟೆ ಹಾಸಿದ ಮೇಜು, ಅದರ ಹಿಂದೆ ಕರಿ ಸೂಟಿನ ಓಂಕಾರ. ಎಲೆಗಳನ್ನು ಬೀಸಣಿಗೆಯಂತೆ ಬಿಚ್ಚಿದಾಗ ಕೆಂಪು ಹೂಗಳು ದೀಪದ ಬೆಳಕಿಗೆ ಒಮ್ಮೆಲೇ ಅರಳಿದವು. ಹಿಂದೆಯೇ ಸುಟ್ಟ ಕೂದಲಿನ ವಾಸನೆ ಬಂತು. ಅಡಿಗೆಮನೆಯದಿರಬೇಕು ಎಂದುಕೊಂಡ.

“ದುಡ್ಡ ಇಡಬಹುದೇನ್ರೀ?” ಎಂದು ಕೇಳಿದ ವೇದಿಕೆ ಹತ್ತಿದ ಶಶಿಧರ. ವಧುವಿನ ಸೋದರಮಾವ, ಪೇಟೆಯ ದೊಡ್ಡ ವ್ಯಾಪಾರಿ. ಕೊರಳಲ್ಲಿ ಬೆರಳು ದಪ್ಪದ ಸರ.

“ದುಡ್ಡ ಇಟ್ರ ನನ್ನ ಜೋಡಿ ನಿಮ್ಮನ್ನೂ ಪೊಲೀಸ್ರು ಒಯ್ತಾರ್ರೀ ಸಾಹೇಬ್ರ. ದುಡ್ಡ ಬಿಟ್ಟ ಏನರ ಇಡ್ರಿ.” ಇದು ಅವನ ಪ್ರತಿ ಆಟದ ಮಾತು. ಜನ ನಗುವ ಜಾಗ. ಹಣ ಇಟ್ಟರೆ ಜೂಜು, ಮಾತು ಇಟ್ಟರೆ ಮೋಜು.

“ಹಂಗಾರ ನನ್ನ ನಿದ್ದಿ ಇಡ್ತೀನಿ. ನನ್ನ ಗೊರಕಿಗಿ ಮನ್ಯಾಗಿನವರು ಬ್ಯಾಸತ್ತಾರ.”

ಮಂಟಪವೆಲ್ಲ ನಕ್ಕಿತು. ಓಂಕಾರ ಮೂರು ಎಲೆ ಹಂಚಿದ, ಮೂರು ತಾನಿಟ್ಟುಕೊಂಡ. ಶಶಿಧರ ಎರಡು ರಾಜ ತೋರಿಸಿ ಮೀಸೆ ತಿರುವಿದ. ಓಂಕಾರ ಒಂದೊಂದಾಗಿ ಮೂರು ಎಕ್ಕ ಮಗುಚಿದ. ಚಪ್ಪಾಳೆ. ಅದೇ ಗಳಿಗೆಗೆ ಅವನ ರೆಪ್ಪೆಗಳು ಹಸಿ ಮಣ್ಣು ಮೆತ್ತಿದಂತೆ ಭಾರವಾದವು. ತಲೆ ಕೊಡವಿದ.

ಶಶಿಧರನ ಮುಖ ಚಿಕ್ಕದಾಗಿತ್ತು. ಮೈಕು ಕಸಿದುಕೊಂಡ. “ನಮ್ಮಂಥಾ ಸಾದಾ ಮಂದೀನ ಗೆದ್ರ ಏನ ಬಂತು? ಒಲಿ ಮುಂದ ಕುಂತು ಗಟ್ಟಿ ಆದವರನ್ನ ಗೆಲ್ಲ ನೋಡೂಣು. ಲೇ, ಆ ರೊಟ್ಟಿ ಬಡಿಯಾಕಿನ್ನ ಕರೀರಿ ಇಲ್ಲಿ.”

ಅಡಿಗೆಯ ಕಡೆಯಿಂದ ಬಂದವಳ ಮೊಣಕೈವರೆಗೂ ಹಿಟ್ಟು ಮೆತ್ತಿತ್ತು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಕಾಶವ್ವ.

ಅವ್ವ ಅಡಿಗೆಯವರ ಜೊತೆ ಮದುವೆಗಳಿಗೆ ಹೋಗುತ್ತಾಳೆಂಬುದು ಓಂಕಾರನಿಗೆ ಗೊತ್ತು. ಇದೇ ಮದುವೆಗೆಂಬುದು ಗೊತ್ತಿರಲಿಲ್ಲ. ಈ ಮಂದಿಗೆ ಅವನು ತನ್ನ ಹಿಂದು ಮುಂದು ಏನೂ ಹೇಳಿರಲಿಲ್ಲ. ಮುಂದಿನ ಸಾಲಿನಲ್ಲಿ ಮೊಬೈಲು ಎತ್ತಿ ಹಿಡಿದ ಹುಡುಗಿಯರು, ಪಕ್ಕದಲ್ಲಿ ಹಲ್ಲು ಕಿರಿಯುವ ಶಶಿಧರ, ಎದುರಿಗೆ ಹಿಟ್ಟಿನ ಕೈ.

“ಬರ್ರಿ ಅಮ್ಮಾರ, ಕುಂದರ್ರಿ,” ಎಂದ. ಯಾರೋ ಪರಕೀಯಳಿಗೆ ಹೇಳುವಂತೆ. “ಏನ ಇಡ್ತೀರಿ ಪಣಕ್ಕ?”

ಕಾಶವ್ವ ಅವನನ್ನೇ ನೋಡಿದಳು. ಅವನ ಕಣ್ಣಲ್ಲಿದ್ದ ನಾಚಿಕೆ ಅವಳಿಗೆ ಕೂಡಲೇ ತಿಳಿಯಿತು. ಕುರ್ಚಿಯ ತುದಿಗೆ ಕುಳಿತು, ಸೆರಗು ಸರಿಮಾಡಿಕೊಂಡು, ಅವಳೂ ಪರಕೀಯಳಂತೆಯೇ ಹೇಳಿದಳು.

“ಬಡವಿ ಕಡೆ ಏನಿರತೈತ್ರಿ? ಒಬ್ಬಾಂವ ಮಗಾ ಅದಾನು. ಅಂವನ್ನ ಇಡ್ತೀನಿ.”

ಜನ ಮತ್ತೆ ನಕ್ಕರು. ಅವನ ಕಿವಿ ಕಾದವು. ನಾಲ್ಕು ಮಂದಿಯ ಮುಂದೆ ಚುಚ್ಚಿದಳಲ್ಲ ಎಂದು ಉರಿದುಹೋದ. ಒಂದು ಕೆಟ್ಟ ಎಲೆ ತನಗೆ ಹಾಕಿಕೊಂಡಿದ್ದರೆ ಸಾಕಿತ್ತು. ಅವ್ವ ಗೆದ್ದು, ನಾಚಿ, ಎದ್ದು ಹೋಗುತ್ತಿದ್ದಳು. ಹಾಕಿಕೊಳ್ಳಲಿಲ್ಲ. ಬೆರಳುಗಳು ಸವೆದ ಅಂಚುಗಳನ್ನು ಹುಡುಕಿ ಮೂರು ಎಕ್ಕಗಳನ್ನು ಅಡಿಯಿಂದ ಎಳೆದವು.

ಮಗುಚಿದ. ಕರೆಂಟು ಹೋಯಿತು.

ನಡು ಮಧ್ಯಾಹ್ನ. ಆದರೂ ಪರದೆಗಳಿಂದ ಮುಚ್ಚಿದ ಆ ಮಂಟಪ ಬಾವಿಯಂತೆ ಕಪ್ಪಾಯಿತು. ಕತ್ತಲಲ್ಲಿ ಓಂಕಾರನ ಸೊಂಟದೊಳಗೆ ಕಾದ ಸಲಾಕೆ ತಿರುವಿದಂಥ ನೋವೆದ್ದಿತು. ಅಂಥ ನೋವು ಅವನು ಜನ್ಮದಲ್ಲಿ ಕಂಡಿರಲಿಲ್ಲ. ನೋವಿನ ತುದಿಗೆ ಒಂದು ಕೂಸಿನ ಅಳು. ಎದೆಯ ಮೇಲೆ ಒದ್ದೆಯಾದ, ಬೆಚ್ಚನೆಯ ಭಾರ. ‘ಗಂಡಸ ಮಗಾ ನೋಡ ಕಾಶವ್ವಾ’ ಎಂದು ಯಾರೋ ಕಿವಿಯ ಹತ್ತಿರ ಹೇಳಿದರು. ಆ ಕೂಸು ತಾನೇ ಎಂದು ಅವನಿಗೆ ತಿಳಿಯಿತು. ತನ್ನನ್ನು ತಾನೇ ಹೆತ್ತ ನೋವು ಅದು.

ಜನರೇಟರು ಗುರುಗುಟ್ಟಿತು. ದೀಪ ಹತ್ತಿದವು. ಅವನು ಮೇಜು ಹಿಡಿದು ನಿಂತಿದ್ದ. ಕಾಶವ್ವ ಎದುರಿಗೇ ಇದ್ದಳು. ಅವಳ ಮುಖದಲ್ಲಿ ಸಿಟ್ಟಿಲ್ಲ, ಬೇಸರವಿಲ್ಲ, ಏನೂ ಇಲ್ಲ. ಬಸ್ಸಿನಲ್ಲಿ ಎದುರು ಕುಳಿತವನನ್ನು ನೋಡುವಂತೆ ನೋಡಿದಳು.

“ಆತೇನ್ರೀ? ನಾ ಹೋಗ್ಲಿ? ಒಲಿ ಮ್ಯಾಲ ಹಂಚ ಕಾಯಾಕತ್ತೈತಿ.”

*

ಐದು ಗಂಟೆಗೆ ವಡಗಾವಿಯ ತಮ್ಮ ಮನೆ ಮುಟ್ಟಿದ. ಓಣಿಯ ತುಂಬ ಮಗ್ಗಗಳ ಖಟಖಟ. ಬಾಗಿಲು ತಟ್ಟಿದ.

“ಯಾರ್ರೀ?” ಕಾಶವ್ವ ಬಾಗಿಲನ್ನು ಅರ್ಧವೇ ತೆರೆದಳು. “ನೀವ... ಮಧ್ಯಾಹ್ನ ಮದವಿ ಮನ್ಯಾಗ ಎಲಿ ಆಡಿಸಿದವರಲ್ಲೇನ್ರಿ? ನಮ್ಮ ಮನಿ ಹೆಂಗ ಗೊತ್ತಾತು?”

“ಸಾಕ ಮಾಡ ಅವ್ವಾ. ತಪ್ಪಾತು. ಮಂದಿ ಮುಂದ ಹಂಗ ಮಾಡಬಾರದಿತ್ತು. ಹಾದಿ ಬಿಡು.”

“ಯಾರ ಅವ್ವಾ?”

ಅವಳು ನಟಿಸುತ್ತಿರಲಿಲ್ಲ. ಬಾಗಿಲನ್ನು ಒಳಗಿನಿಂದ ಒತ್ತಿ ಹಿಡಿದಿದ್ದಳು. ಅವನು ಅವಳನ್ನು ಸರಿಸಿ ಒಳಗೆ ನುಗ್ಗಿದ. ತನ್ನ ಅಂಗಿ ನೇತಾಡುತ್ತಿದ್ದ ಗೂಟ ಖಾಲಿ. ಗೂಟದ ಕೆಳಗಿನ ಗೋಡೆಯ ಮೇಲೆ ಅಂಗಿ ಉಜ್ಜಿದ ಕಲೆಯೂ ಇಲ್ಲ. ಟ್ರಂಕು ಇಲ್ಲ. ಎರಡು ತಾಟು ಇರುತ್ತಿದ್ದಲ್ಲಿ ಒಂದೇ ತಾಟು. ಮೂಲೆಯಲ್ಲಿ ಒಬ್ಬರ ಹಾಸಿಗೆ.

“ಸಾತಪ್ಪಣ್ಣಾ,” ಎಂದು ಕಾಶವ್ವ ಕೂಗಿದಳು. ಬಾಜೂ ಮನೆಯ ಮಗ್ಗ ನಿಂತಿತು. ಸಾತಪ್ಪ ಲುಂಗಿ ಎತ್ತಿ ಕಟ್ಟುತ್ತ ಬಂದ. ಓಂಕಾರನಿಗೆ ಸೈಕಲ್ಲು ಕಲಿಸಿದವನು.

“ಯಾಂವಲೇ ನೀ? ಒಬ್ಬಾಕಿ ಇರೂ ಹೆಣಮಗಳ ಮನ್ಯಾಗ ನಿನಗೇನ ಕೆಲಸ?”

“ಸಾತಪ್ಪ ಕಾಕಾ, ನಾ ಓಂಕಾರ. ಇಕಿ ಮಗಾ.”

“ಇಕಿಗಿ ಮಕ್ಕಳ ಆಗೇ ಇಲ್ಲ. ಮೂವತ್ತ ವರ್ಷ ಆತು ನಾ ಬಾಜೂ ಇರಾಕತ್ತು. ಮುಚಗೊಂಡ ಹೊರಗ ನಡಿ.”

ಕೊರಳ ಪಟ್ಟಿ ಹಿಡಿದು ಹೊರಗೆ ದಬ್ಬಿದ. ಒಳಗೆ ಕಾಶವ್ವ ಅಳುತ್ತಿದ್ದಳು. ಹೆದರಿಕೆಯ ಅಳು. ತನಗೆ ಹೆದರಿ.

ಆ ರಾತ್ರಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಅವನಿಗೆ ಇಬ್ಬರ ನಿದ್ದೆ ಹತ್ತಿತು. ನಿದ್ದೆಯ ತುಂಬ ಅವ್ವನ ಕಣ್ಣಿಂದ ಕಂಡ ತಾನು. ಜ್ವರದಲ್ಲಿ ಬಿದ್ದ ತಾನು, ಮೊದಲ ಹೆಜ್ಜೆ ಇಟ್ಟ ತಾನು. ಆಮೇಲೆ ಒಂದು ಸಾಲಿಯ ಬಾಗಿಲು. ಕೈಮುಗಿದು ನಿಂತ ತನ್ನ ಕೈಗೆ ಹಸಿರು ಬಳೆ. ಒಳಗಿನ ಕುರ್ಚಿಯಿಂದ ಮಾಸ್ತರರ ದನಿ: ‘ನಿಮ್ಮ ಹುಡುಗಗ ಅಕ್ಷರ ಹತ್ತೂದಿಲ್ಲ ಕಾಶವ್ವಾ. ಎಷ್ಟ ಬಡಿದ್ರೂ ಅಷ್ಟ. ಇಲ್ಲಿ ಇಟ್ರ ಮಂದಿ ನಗತಾರ.’ ಹೊರಗೆ ಬಂದು ಗೋಡೆಗೆ ಆತು ಅತ್ತದ್ದು. ‘ಅಂವಗ ಈ ಮಾತ ಗೊತ್ತಾಗಬಾರದು. ನನ್ನ ಮ್ಯಾಲ ಸಿಟ್ಟ ಮಾಡಲಿ, ತನ್ನ ಮ್ಯಾಲ ಬ್ಯಾಡ’ ಎಂದುಕೊಂಡದ್ದು. ಮನೆಗೆ ಬಂದು ರೊಟ್ಟಿ ಬಡಿಯುತ್ತ, ಮುಖ ಎತ್ತದೆ...

ಬೆಳಗ್ಗೆ ಎದ್ದಾಗ ಹತ್ತು ವರ್ಷದ ಸಿಟ್ಟು ಎದೆಯಿಂದ ಕಿತ್ತುಹೋಗಿತ್ತು. ಆ ಜಾಗದಲ್ಲಿ ಬರೀ ಹೆದರಿಕೆ. ಮೊಬೈಲಿನಲ್ಲಿ ಶಶಿಧರನ ಹದಿನಾರು ಕರೆ. ಹದಿನೇಳನೆಯದನ್ನು ಎತ್ತಿದ.

“ಏನ ಮಾಡೀದಿಯೋ ನೀ? ರೆಪ್ಪಿ ಕೆಳಗ ಬರವಲ್ಲವು. ಕೈಲೆ ಎಳದ್ರೂ ಬರವಲ್ಲವು.”

ಓಂಕಾರ ಫೋನು ಇಟ್ಟು ಖಾನಾಪುರದ ಬಸ್ಸು ಹತ್ತಿದ. ಗಾಡಿಯನ್ನು ಅಲ್ಲೇ ಬಿಟ್ಟ.

*

“ಗೊತ್ತಿದ್ದೂ ಯಾಕ ಕೊಟ್ಟಿ?” ಎಂದು ಅವನು ರಾಧಾಬಾಯಿಯ ಅಂಗಳದಲ್ಲಿ ನಿಂತು ಅರಚಿದ.

“ಹೇಳಿ ಕೊಟ್ಟೀನಿ,” ಎಂದಳು ಅವಳು. “ಯಾರನ್ನ ಗೆದ್ದಿ?”

ಹೇಳಿದ. ಮುದುಕಿ ಗೋಡೆ ಹಿಡಿದು ಕುಳಿತಳು. “ಏಳೂದರೊಳಗ ತಿರುಗಿ ಕೊಡಬೇಕಿತ್ತು. ಈಗ ಒಂದ ಹಾದಿ. ಆಕಿ ಜೋಡಿ ಮತ್ತ ಆಡು, ಸೋಲು. ಖರೇ ಆಟ ಆಡಬೇಕು, ಕಳ್ಳಾಟ ನಡಿಯಂಗಿಲ್ಲ. ಹಿಂದಿನ ಆಟ ಗೆದ್ದಾಂವನೇ ಹಂಚಬೇಕು. ಎಲಿಯ ರಿವಾಜ ಅದು.”

“ಸೋಲೂದು ಏನ ದೊಡ್ಡ ಮಾತು?”

“ಸೋತು ತೋರಿಸು.” ಅವಳು ಎರಡು ಹುಣಸೆಬೀಜ ನೆಲಕ್ಕಿಟ್ಟು, ಒಂದನ್ನು ತನ್ನ ಕಡೆ ಸರಿಸಿಕೊಂಡಳು.

ಓಂಕಾರ ಬೆನ್ನಿನ ಹೂ ಕಾಣದಂತೆ ಕಣ್ಣು ಮುಚ್ಚಿಕೊಂಡ. ಎಲೆ ಕಲೆಸಿದ. ಹಂಚಿದ. ಕಣ್ಣು ತೆರೆದರೆ ತನ್ನ ಮುಂದೆ ಮೂರು ಎಕ್ಕ. ಬೀಜ ಅವಳಿಗೆ ಮರಳಿಸಿ, ಮತ್ತೆ ಕಲೆಸಿದ. ಮೂರು ಎಕ್ಕ. ಎಡಗೈಯಿಂದ ಹಂಚಿದ. ಮೂರು ಎಕ್ಕ. ಬೆರಳುಗಳನ್ನು ಅವನು ತಡೆಯುತ್ತಿದ್ದ, ಬೆರಳುಗಳು ಕೇಳುತ್ತಿರಲಿಲ್ಲ. ಕತ್ತಲಲ್ಲಿ ಇಲಿಗಳಂತೆ ಅಂಚುಗಳನ್ನು ಮೂಸಿ ಮೂಸಿ ಅವು ಎಕ್ಕಗಳನ್ನೇ ಹುಡುಕಿ ತರುತ್ತಿದ್ದವು. ಒಂಬತ್ತು ಸಲ ಆಡಿದ. ಒಂಬತ್ತು ಸಲವೂ ಗೆದ್ದ. ಬೆವರು ಎಲೆಗಳ ಮೇಲೆ ತೊಟ್ಟಿಕ್ಕಿತು.

“ನಿನ್ನ ಬೆರಳಿಗಿ ಕಣ್ಣ ಅದಾವ,” ಎಂದಳು ರಾಧಾಬಾಯಿ ಮೆಲ್ಲಗೆ. “ನೀನ ಕೊಟ್ಟ ಕಣ್ಣು.”

ಓಂಕಾರ ಒಲೆಯ ಕಡೆ ನೋಡಿದ. ಬಾಣಲೆಯಲ್ಲಿ ಅರಗು ಹೊಗೆಯಾಡುತ್ತಿತ್ತು.

“ಬಾಳಾ, ಇನ್ನೊಂದ ಮಾತ ಕೇಳು. ನೀ ಗೆದ್ದದ್ದು ಆಕಿ ಮಗನ್ನ. ಸೋತ್ರ ಆಕಿಗಿ ಮಗಾ ಸಿಗತಾನ. ಆ ಮಗಾ ನೀನ ಇರತೀ ಅಂತ ನಾ ಹೇಳಂಗಿಲ್ಲ. ಸೋತದ್ದು ಕೈಯಾಗ ಉಳಿಯಂಗಿಲ್ಲ.”

“ಸಾಕ ಮಾಡ ನಿನ್ನ ಪುರಾಣ,” ಎಂದ. ಆಕೆಗೆ ಮಗ ಸಿಗುತ್ತಾನೆ ಎಂಬಲ್ಲಿಗೇ ಅವನ ಕಿವಿ ಮುಚ್ಚಿತ್ತು. ಸುಡುವುದು ಎಷ್ಟು ಹೊತ್ತಿನ ಕೆಲಸವೆಂದು ಫೌಂಡ್ರಿಯವನಿಗೆ ಗೊತ್ತು. ಹಲ್ಲಿನ ನಡುವೆ ಅಂಗಿಯ ತೋಳು ಕಚ್ಚಿಕೊಂಡ. ಹತ್ತೂ ಬೆರಳ ತುದಿಗಳನ್ನು ಕುದಿಯುವ ಅರಗಿಗೆ ಅದ್ದಿದ.

ಒಂದು. ಎರಡು. ಮೂರು.

ಆ ಕೋಣೆಯ ಹಳೆಯ ನಾತಕ್ಕೆ ಹೊಸ ನಾತ ಸೇರಿತು.

*

ಮಧ್ಯಾಹ್ನ ಎರಡಕ್ಕೆ ವಡಗಾವಿ. ರಾಧಾಬಾಯಿ ಸುತ್ತಿಕೊಟ್ಟ ಒದ್ದೆ ಅರಿವೆಯೊಳಗೆ ಕೈಗಳು ಧಗಧಗ ಬಡಿಯುತ್ತಿದ್ದವು. ಕಾಶವ್ವ ಬಾಗಿಲು ತೆರೆದವಳು ಮುಚ್ಚಲು ಹೋದಳು. ಕೈ ಕಂಡು ನಿಂತಳು.

“ಅಯ್ಯ ಶಿವನ, ಕೈಗಿ ಏನ ಮಾಡಿಕೊಂಡೀಯೋ ತಮ್ಮಾ?”

“ಒಂದ ಆಟ ಆಡ್ರಿ ನನ್ನ ಜೋಡಿ. ಒಂದ. ಆಮ್ಯಾಲ ಹೋಗಿಬಿಡ್ತೀನಿ.”

“ನಿನಗ ತಲಿ ನೆಟ್ಟಗೈತೋ ಇಲ್ಲೋ?”

“ಇಲ್ರೀ. ಅದಕ್ಕ ಬಂದೀನಿ.”

ಅವಳು ಓಣಿಯ ಆಚೆ ಈಚೆ ನೋಡಿದಳು. ಸಾತಪ್ಪನ ಮಗ್ಗ ಓಡುತ್ತಿತ್ತು, ಕೂಗಿದರೆ ಕೇಳುತ್ತದೆ. ಸುಟ್ಟ ಕೈಯವನನ್ನು ಹಾಗೇ ಕಳಿಸಲು ಅವಳಿಗೆ ಮನಸ್ಸು ಬರಲಿಲ್ಲ. “ಹೊಸ್ತಿಲ ಹೊರಗ ಕುಂದರು,” ಎಂದು ತಾನು ಒಳಗೆ ಕುಳಿತಳು. ನಡುವೆ ಹೊಸ್ತಿಲು.

ಓಂಕಾರ ರಾಧಾಬಾಯಿ ಕೊಟ್ಟ ಒಂದು ಹುಣಸೆಬೀಜವನ್ನು ಅವಳ ಕಡೆ ಇಟ್ಟ. “ಇದು ನಿಮ್ಮ ಪಣ. ನನ್ನ ಪಣ...” ಎಲೆ ಕಟ್ಟನ್ನು ಹೊಸ್ತಿಲಿನ ಮೇಲಿಟ್ಟ. “ನಿಮ್ಮ ಮಗಾ.”

“ನನಗ ಮಕ್ಕಳಿಲ್ಲೋ ಎಪ್ಪಾ.”

“ಇರಲಿ. ನನ್ನ ಕಣ್ಣಿಗಿ ಅರಿವಿ ಕಟ್ಟರಿ. ನಾ ಹಂಚತೀನಿ, ನೀವು ನೋಡಿ ಹೇಳ್ರಿ.”

ಅವಳು ತನ್ನ ಹಳೆಯ ಸೀರೆಯ ತುಂಡು ಕಟ್ಟಿದಳು. ಕತ್ತಲು. ಹಿಟ್ಟು, ಬೆವರು, ಹೊಗೆಯ ವಾಸನೆಯ ಕತ್ತಲು. ಅವನು ಕೈಯ ಅರಿವೆ ಬಿಚ್ಚಿದ. ಕಾಶವ್ವ ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು. ಎಲೆ ಮುಟ್ಟಿದ, ಕಲೆಸಿದ. ಬೆಂಕಿ. ಬರೀ ಬೆಂಕಿ. ಅಂಚಿಲ್ಲ, ಎಸಳಿಲ್ಲ, ಎಕ್ಕವಿಲ್ಲ. ಬೆರಳು ಕುರುಡಾಗಿದ್ದವು. ಜನ್ಮದಲ್ಲಿ ಮೊದಲ ಸಲ ಅವನಿಗೆ ಯಾವ ಎಲೆ ಯಾವುದೆಂದು ಗೊತ್ತಿರಲಿಲ್ಲ.

ಅವಳಿಗೊಂದು. ತನಗೊಂದು. ಅವಳಿಗೊಂದು. ತನಗೊಂದು. ಅವಳಿಗೊಂದು. ಎಲೆಗೆ ಅಂಟಿದ ಚರ್ಮ ಕಿತ್ತು ಬಂತು. ತನಗೊಂದು.

ಸಾತಪ್ಪನ ಮಗ್ಗ ನಿಂತಿತು.

ಓಣಿಯ ಎಲ್ಲ ಮಗ್ಗಗಳೂ ನಿಂತವು. ಗಾಳಿ ನಿಂತಿತು. ಎಲ್ಲಿಂದಲೋ ಸುಟ್ಟ ಕೂದಲಿನ ನಾತ ಹರಿದು ಬಂದು ಇಬ್ಬರ ನಡುವೆ ಕುಳಿತಿತು. ಯಾರೋ ಬಗ್ಗಿ ಎಲೆ ನೋಡುತ್ತಿದ್ದಾರೆ. ಯಾರೋ ಅವನ ಕಿವಿಯ ಹತ್ತಿರ ಉಸಿರಾಡುತ್ತಿದ್ದಾರೆ. ಅವ್ವನ ಉಸಿರಲ್ಲ.

“ನನ್ನವು ಹೇಳ್ಲ್ಯಾ?” ಕಾಶವ್ವನ ದನಿ ಸಣ್ಣಗಾಗಿತ್ತು. “ಎರಡು ಹೆಣ್ಣ ಅದಾವು. ಕಿರೀಟಾ ಹಾಕ್ಯಾವು. ಒಂದು ನಾಕರದು.”

ಜೋಡಿ ರಾಣಿ. “ನನ್ನವು ಮಗಚ್ರಿ.”

ಎಲೆ ಮಗುಚಿದ ಸದ್ದು. ಒಂದು.

“ಎಕ್ಕಾ ಐತಿ.”

ಇನ್ನೊಂದು ಎಲೆ ಮಗುಚಿದ ಸದ್ದು.

“ಇದೂ... ಇಲ್ಲ, ಇದು ಎರಡರದು.”

ಮೂರನೆಯದಕ್ಕೆ ಅವಳು ತಡೆದಳು. ತಡೆದೇ ಇದ್ದಳು. ಬಟ್ಟೆಯೊಳಗೆ ಅವನ ಕಣ್ಣು ಹರಿಯುವಷ್ಟು ಬಿಚ್ಚಿತ್ತು. ಇನ್ನೊಂದು ಎಕ್ಕ ಬಂದರೆ ಮುಗಿಯಿತು. ಶಿವನೇ. ಬಸವಣ್ಣನೇ. ಸೋಲಿಸು.

“ಏಳರದು,” ಎಂದಳು.

ಜೋಡಿ ಇಲ್ಲ. ಸೋತಿದ್ದ.

ಮೈಯಿಂದ ಏನೋ ಸುಲಿದುಕೊಂಡು ಹೋಯಿತು. ಒದ್ದೆ ಅಂಗಿ ಕಳಚಿದಂತೆ, ನೆತ್ತಿಯಿಂದ ಕಾಲವರೆಗೆ. ಹೆರಿಗೆಯ ನೋವು ಹೋಯಿತು. ಎದೆಯ ಮೇಲಿನ ಬೆಚ್ಚನೆಯ ಭಾರ ಹೋಯಿತು. ಸಾಲಿಯ ಬಾಗಿಲು ಕಂಡಿತು, ಕುರ್ಚಿಯ ಮೇಲಿನ ಮಾಸ್ತರರ ಬಾಯಿ ಆಡಿತು, ಅವರು ಏನೋ ಹೇಳಿದರು. ಏನು ಹೇಳಿದರು? ಗೊತ್ತಿತ್ತು, ಬೆಳಗ್ಗೆಯಷ್ಟೇ ಗೊತ್ತಿತ್ತು. ಈಗ ಇಲ್ಲ. ಖಾಲಿಯಾದ ಆ ಜಾಗಕ್ಕೆ ಹಳೆಯ ಸಿಟ್ಟು ನಾಯಿಯಂತೆ ತಿರುಗಿ ಬಂದು ಮಲಗಿತು.

ಬೆಂದ ಕೈಯಿಂದಲೇ ಕಣ್ಣಿನ ಅರಿವೆ ಕಿತ್ತ. ಎದುರಿಗೆ ಕಾಶವ್ವನ ಮುಖ ಬೆಳಗುತ್ತಿತ್ತು. ನಿನ್ನೆ ಆ ಮುಖದಿಂದ ಹೋಗಿದ್ದೆಲ್ಲ ಮರಳಿ ಬಂದಿತ್ತು. ಕಣ್ಣು ತುಂಬಿತ್ತು.

“ಓಂಕಾರ್ಯಾ,” ಎಂದಳು.

“ಅವ್ವಾ,” ಎಂದ ಓಂಕಾರ.

“ಬಂದೆ ಅವ್ವಾ,” ಎಂದಿತು ಮನೆಯೊಳಗಿನಿಂದ ಒಂದು ದನಿ.

ಅವನದೇ ದನಿ.

ಕಾಶವ್ವ ಅವನ ಕಡೆ ನೋಡಿ ಕರೆದಿರಲಿಲ್ಲ. ಹೆಗಲ ಮೇಲಿಂದ ಒಳಗೆ ತಿರುಗಿ ಕರೆದಿದ್ದಳು. ಒಲೆಯ ಹಿಂದಿನ ಕತ್ತಲಲ್ಲಿ ಯಾರೋ ಎದ್ದು ನಿಂತ ಸದ್ದಾಯಿತು. ಗೂಟದ ಮೇಲೆ ಅಂಗಿ ನೇತಾಡುತ್ತಿತ್ತು. ಗೋಡೆಯ ಕಲೆ ಇತ್ತು. ಟ್ರಂಕು ಇತ್ತು.

“ಯಾರ ಜೋಡಿ ಮಾತಾಡಾಕತ್ತಿ?” ಒಳಗಿನ ದನಿ ಹತ್ತಿರ ಬಂತು.

“ಯಾರೋ ಪಾಪ, ಕೈ ಸುಟಗೊಂಡಾನು. ತಲಿ ನೆಟ್ಟಗಿಲ್ಲ ಅನಸತೈತಿ.” ಅವಳು ಕಣ್ಣೊರೆಸಿಕೊಂಡು ಎದ್ದಳು. ಹೊರಗಿನವನಿಗೆ ಹೇಳಿದಳು: “ದವಾಖಾನಿಗಿ ಹೋಗ ತಮ್ಮಾ. ತಡಾ ಮಾಡಬ್ಯಾಡ.”

ಓಂಕಾರ ಹೊಸ್ತಿಲು ದಾಟಲು ಹೋದ. ಬಾಯಿ ತೆರೆದ. ‘ಒಳಗಿರುವುದು ನಾನಲ್ಲ’ ಎನ್ನಬೇಕೆಂದುಕೊಂಡ. ‘ಅದು ನನ್ನ ಮಗನಲ್ಲ’ ಎಂದು ಅವಳು ಅನ್ನಬೇಕಿತ್ತು. ಅಷ್ಟರಲ್ಲಿ ಬಾಗಿಲ ಸಂದಿನಿಂದ ಒಂದು ಕೈ ಹೊರಬಂತು. ಉದ್ದನೆಯ, ನುಣುಪಾದ, ಹತ್ತು ವರ್ಷ ಎಲೆ ಹಿಡಿದ ಕೈ. ಒಂದು ಬೆರಳೂ ಸುಟ್ಟಿರಲಿಲ್ಲ. ಅದು ಹೊಸ್ತಿಲಿನ ಮೇಲೆ ಹರಡಿದ್ದ ಐವತ್ತೆರಡು ಎಲೆಗಳನ್ನೂ ಒಂದೇ ಬಾಚಿಗೆ ಬಾಚಿ ಎತ್ತಿಕೊಂಡಿತು. ಹುಣಸೆಬೀಜವನ್ನು ಮುಟ್ಟಲಿಲ್ಲ.

ಬಾಗಿಲು ಮುಚ್ಚಿತು. ಅಗಳಿ ಬಿತ್ತು.

ಓಣಿಯ ಮಗ್ಗಗಳು ಮತ್ತೆ ಖಟಖಟ ಎನ್ನತೊಡಗಿದವು. ಅವುಗಳ ನಡುವೆಯೇ ಒಳಗಿನಿಂದ ಕಾಶವ್ವನ ಮಾತು ಕೇಳಿಸಿತು. ಅಷ್ಟು ಮೆತ್ತನೆಯ ದನಿಯಲ್ಲಿ ಅವಳು ಮಾತಾಡಿದ್ದನ್ನು ಅವನು ಕೇಳಿ ವರ್ಷಗಳಾಗಿದ್ದವು.

“ಕುಂದರು, ಬಿಸಿ ರೊಟ್ಟಿ ಹಾಕ್ತೀನಿ. ನಿನ್ನಿಂದ ಏನೂ ತಿಂದಿಲ್ಲ ನೀ.”

ತಾಟು ನೆಲಕ್ಕಿಟ್ಟ ಸದ್ದಾಯಿತು. ನಿನ್ನೆಯಿಂದ ಏನೂ ತಿಂದಿರದ ಓಂಕಾರ, ಬೆಂದ ಎರಡು ಕೈಗಳನ್ನು ಎದೆಗೆ ಒತ್ತಿಕೊಂಡು, ಆ ಬಾಗಿಲ ಹೊರಗೆ ನಿಂತೇ ಇದ್ದ.